ಕರಗಿಹೋಗುವ ಉಂಗುರ

ಮಕ್ಕಳೇ, ಅಜ್ಜಿಯ ಬೆರಳಿನ ಉಂಗುರವನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರ ಮೇಲೆ ಹೂವೋ ಎಲೆಯೋ ನವಿಲೋ ಇದೆಯೇ? ಇಂಥ ಚಿತ್ತಾರವನ್ನು ಚಿನ್ನದ ಮೇಲೇ ಕೆತ್ತುವ ಅಕ್ಕಸಾಲಿಗರಿದ್ದಾರೆ. ಇನ್ನೊಂದು ದಾರಿಯೂ ಇದೆ. ಆ ದಾರಿಯಲ್ಲಿ ಉಂಗುರ ಮೊದಲು ಹುಟ್ಟುವುದು ಮೇಣದಲ್ಲಿ!

ಇದಕ್ಕೆ ಬಳಸುವ ಮೇಣ ಮೇಣದಬತ್ತಿಗಿಂತ ಬಹಳ ಗಟ್ಟಿ. ಸಾಮಾನ್ಯವಾಗಿ ಹಸಿರು ಮೇಣ ಎಲ್ಲಕ್ಕಿಂತ ಗಟ್ಟಿ, ನೇರಳೆ ಸ್ವಲ್ಪ ಮೆದು, ನೀಲಿ ಇನ್ನೂ ಮೆದು. ಕೊಳವೆಯಂಥ ಮೇಣದಿಂದ ಒಂದು ಬಳೆಯಷ್ಟು ತುಂಡನ್ನು ಸಣ್ಣ ಗರಗಸದಿಂದ ಕೊಯ್ಯುತ್ತಾರೆ. ಒಳಗಿನ ತೂತನ್ನು ಬೆರಳಿನ ಅಳತೆಗೆ ತರುತ್ತಾರೆ. ಆಮೇಲೆ ಅರದಿಂದ ಉಜ್ಜಿ, ಚೂಪಾದ ಸಲಾಕೆಗಳಿಂದ ಹೂವಿನ ಎಸಳು ಬಿಡಿಸುತ್ತಾರೆ. ಹಲ್ಲಿನ ವೈದ್ಯರು ಬಳಸುವ ಸಲಾಕೆಗಳೂ ಈ ಕೆಲಸಕ್ಕೆ ಬರುತ್ತವೆ. ಕೈ ತಪ್ಪಿ ಹೆಚ್ಚು ಕೆತ್ತಿದರೆ ಬಿಸಿ ಸೂಜಿಯಿಂದ ಒಂದು ಹನಿ ಮೇಣ ಹಾಕಿ ತುಂಬಬಹುದು.

ಸಿದ್ಧವಾದ ಮೇಣದ ಉಂಗುರಕ್ಕೆ ಒಂದು ಮೇಣದ ಕಡ್ಡಿ ಅಂಟಿಸಿ, ಲೋಹದ ಡಬ್ಬಿಯೊಳಗೆ ನಿಲ್ಲಿಸುತ್ತಾರೆ. ಜಿಪ್ಸಮ್ ಮತ್ತು ಸಿಲಿಕಾ ಪುಡಿಯನ್ನು ನೀರಿನಲ್ಲಿ ದೋಸೆಹಿಟ್ಟಿನಂತೆ ಕಲಸಿ ಅದರ ಸುತ್ತ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಡಬ್ಬಿಯನ್ನು ಕುಲುಮೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸುತ್ತಾರೆ. ಮೇಣ ಕರಗಿ, ಉರಿದು, ಮಾಯವಾಗುತ್ತದೆ. ಒಳಗೆ ಉಳಿಯುವುದು ಉಂಗುರದ ಆಕಾರದ ಖಾಲಿ ಜಾಗ. ಕಡ್ಡಿ ಇದ್ದ ದಾರಿಯಲ್ಲೇ ಕರಗಿದ ಚಿನ್ನ ಒಳಗೆ ಇಳಿಯುತ್ತದೆ. ಆರಿದ ಮೇಲೆ ಅಚ್ಚನ್ನು ಒಡೆದು ತೆಗೆದರೆ ಚಿನ್ನದ ಉಂಗುರ! ಆದರೆ ಎಚ್ಚರ: ಮೇಣದಲ್ಲಿ ಉಳಿದ ಗೀರು ಚಿನ್ನದಲ್ಲೂ ಬರುತ್ತದೆ. ಅದಕ್ಕೇ ಮೇಣ ಕೆತ್ತುವವರು ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡುತ್ತಾರೆ.

ಮೇಣದಿಂದ ಇನ್ನೊಂದು ಉಪಕಾರವಿದೆ. ಉಂಗುರಕ್ಕೆ ಎಷ್ಟು ಚಿನ್ನ ಬೇಕೆಂದು ಮೊದಲೇ ತಿಳಿಯಬಹುದು. ಒಂದೇ ಗಾತ್ರದ ಮೇಣಕ್ಕಿಂತ 22 ಕ್ಯಾರೆಟ್ ಚಿನ್ನ ಸುಮಾರು 18 ಪಟ್ಟು ಭಾರ. ಅಜ್ಜಿಯ ಬಳಿ ಮುರಿದ ಓಲೆಯ ಚಿನ್ನ ನಾಲ್ಕೂವರೆ ಗ್ರಾಂ ಇದೆ ಎನ್ನೋಣ. ಮೊಮ್ಮಗಳಿಗೆ ಅದರಲ್ಲೇ ಉಂಗುರ ಆಗಬೇಕು. ಮೇಣದ ಉಂಗುರ 300 ಮಿಲಿಗ್ರಾಂ ತೂಗಿದರೆ 5.4 ಗ್ರಾಂ ಚಿನ್ನ ಬೇಕಾಗುತ್ತದೆ. ಸಾಲದು! ಆಗ ಹೊರಗಿನ ಹೂವನ್ನು ಮುಟ್ಟದೆ ಒಳಬದಿಯಿಂದ 50 ಮಿಲಿಗ್ರಾಂ ಮೇಣ ಕೆರೆದು ತೆಗೆಯುತ್ತಾರೆ. ಈಗ 250 ಮಿಲಿಗ್ರಾಂ, ಲೆಕ್ಕ ಸರಿಹೋಯಿತು. ಕಡ್ಡಿಗೆಂದು ಅಕ್ಕಸಾಲಿಗರು ಸ್ವಲ್ಪ ಚಿನ್ನ ಹೆಚ್ಚಿಗೆ ಹಾಕಿ, ಎರಕ ಮುಗಿದ ಮೇಲೆ ಅದನ್ನು ಕತ್ತರಿಸಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಈ ಲೆಕ್ಕ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕದಿಂದ ವಿಗ್ರಹ ಮಾಡುವ ಕ್ರಮವಿದೆ. ಮೇಣದ ತೂಕಕ್ಕೆ ಬೆಳ್ಳಿ 12 ಪಟ್ಟು, ಚಿನ್ನ 16 ಪಟ್ಟು ಎಂದು ಅದರಲ್ಲಿ ಹೇಳಿದೆ. ಅವನ ರಾಜಧಾನಿಯೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಕಸುಬು ಅದಕ್ಕಿಂತಲೂ ಹಳೆಯದು. ಈಗ ಪಾಕಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ ಚಕ್ರದಾಕಾರದ ಪುಟ್ಟ ತಾಮ್ರದ ತಾಯಿತ ಸಿಕ್ಕಿದೆ. ಅಗಲ ಸುಮಾರು ಎರಡು ಸೆಂಟಿಮೀಟರ್, ವಯಸ್ಸು ಸುಮಾರು 6000 ವರ್ಷ. ಅದನ್ನೂ ಮೇಣದಲ್ಲಿ ಮಾಡಿಯೇ ಎರಕ ಹೊಯ್ದದ್ದು. ಆ ಮೇಣ ಅಂದೇ ಕರಗಿಹೋಯಿತು, ಆದರೆ ಅದರ ಆಕಾರ ಇಂದಿಗೂ ಇದೆ.

ಈ ಭಾನುವಾರ ನೀವೂ ಕೆತ್ತಿ ನೋಡಿ. ಮೇಣ, ಚಾಕು ಬೇಡ. ಒಂದು ಸ್ನಾನದ ಸೋಪು, ಒಂದು ಚಮಚ, ಒಂದೆರಡು ಕಡ್ಡಿ ಸಾಕು. ಅಜ್ಜ ಸೋಪಿನ ಮೇಲೆ ಎಲೆಯ ಗೆರೆ ಹಾಕಿಕೊಡಲಿ, ನೀವು ನಿಧಾನವಾಗಿ ಕೆರೆಯಿರಿ. ಕೆರೆದ ಪುಡಿ ಎಸೆಯಬೇಡಿ, ಬಟ್ಟೆ ಒಗೆಯಲು ಆದೀತು.

ಹಾಗೆಯೇ ಒಂದು ಲೆಕ್ಕ: ಸೋಮೇಶ್ವರನ ಮಾತಿನಂತೆ, ಎರಡು ಗ್ರಾಂ ಮೇಣದ ಗೊಂಬೆಗೆ ಎಷ್ಟು ಬೆಳ್ಳಿ ಬೇಕು? ಉತ್ತರವನ್ನು ಅಜ್ಜಿಯ ಕಿವಿಯಲ್ಲಿ ಹೇಳಿ.