ಕಪ್ಪತಗುಡ್ಡದ ಹಳೆಯ ಗುಂಡಿಗಳು ಹೇಳುವ ಸತ್ಯ

ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದಲ್ಲಿ ಚಿನ್ನವಿದೆ ಎಂಬ ಮಾತು ಆಗಾಗ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಹಿಂದೆ ಅಲ್ಲಿ ಗಣಿಯಿತ್ತು, ಆದುದರಿಂದ ಮುಂದೆಯೂ ಗಣಿಯಿರಬಹುದು ಎಂಬುದೇ ಗಣಿಯ ಪರವಾದ ವಾದದ ತಳಹದಿ. ಈ ತಳಹದಿಯೇ ಟೊಳ್ಳು. ಆ ಹಳೆಯ ಗಣಿಗಳ ಇತಿಹಾಸವನ್ನು ಬಲ್ಲವರು ಅದನ್ನು ಹೊಸ ಗಣಿಯ ಪರವಾಗಿ ಸಾಕ್ಷಿಗೆ ಕರೆಯಲಾರರು.

ಮೊದಲು ಕಲ್ಲಿನ ಮಾತನ್ನು ಕೇಳೋಣ. ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಚಾಚಿಕೊಂಡು ಬಂದ ಶಿಲಾಪಟ್ಟಿಯ ಭಾಗವೇ ಗದಗದ ಈ ಗುಡ್ಡಸಾಲು. ಇಲ್ಲಿನ ಬಂಡೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇಂತಹ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಕೊಟ್ಟರು. ಸಮುದ್ರತಳದಲ್ಲಿ ಹರಿದ ಲಾವಾ, ಅದರ ಮೇಲೆ ಸಂಗ್ರಹವಾದ ಮರಳು ಮತ್ತು ಕೆಸರು, ಪದರಪದರವಾಗಿ ಕುಳಿತ ಕಬ್ಬಿಣದ ಕಲ್ಲು, ಇವೆಲ್ಲವೂ ಭೂಮಿಯ ಒತ್ತಡಕ್ಕೆ ಸಿಲುಕಿ ಮಡಿಕೆಯಾದವು, ಬಿರುಕುಬಿಟ್ಟವು. ಆಳದಿಂದ ಮೇಲೆದ್ದ ಬಿಸಿದ್ರಾವಣಗಳು ಆ ಬಿರುಕುಗಳಲ್ಲಿ ಬೆಣಚುಕಲ್ಲನ್ನೂ ಅದರೊಡನೆ ಕಣಕಣವಾಗಿ ಚಿನ್ನವನ್ನೂ ಬಿಟ್ಟುಹೋದವು. ಆದರೆ ಚಿನ್ನವು ಒಂಟಿಯಾಗಿ ಬರಲಿಲ್ಲ. ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜವೂ ಅದರ ಜೊತೆಗೇ ಬಂತು. ಈ ಸಹವಾಸವನ್ನು ಓದುಗರು ನೆನಪಿನಲ್ಲಿಡಬೇಕು.

ಮಳೆ ಮತ್ತು ಗಾಳಿ ಯುಗಯುಗಗಳ ಕಾಲ ಸವೆಸಿ ಬಿಡಿಸಿದ ಚಿನ್ನದ ಕಣಗಳು ಡೋಣಿ, ಸೊರಟೂರುಗಳ ಹಳ್ಳಗಳ ಮರಳನ್ನು ಸೇರಿದವು. ಆ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದವರು ಜಾಲಗಾರರು. ಗುಡ್ಡವೇ ಉದುರಿಸಿದ್ದನ್ನು ಆಯ್ದುಕೊಳ್ಳುವ ಕಸುಬು ಅದು. 1874ರಲ್ಲಿ ಫೂಟ್ ಅವರು ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದರು. ಕಾಲಾನಂತರ ಬ್ರಿಟಿಷ್ ಬಂಡವಾಳವೂ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಗಳ ಸುತ್ತ ಬಾವಿಗಳನ್ನು ಇಳಿಸಿ ಸುರಂಗಗಳನ್ನು ಕೊರೆಯಲಾಯಿತು. ಒಂದು ಗಣಿಯಂತೂ ಸಾಂಗ್ಲಿ ಸಂಸ್ಥಾನದ ಹೆಸರನ್ನೇ ಹೊತ್ತಿತ್ತು. ಅದೇ ಕಾಲದಲ್ಲಿ ಕೋಲಾರದ ಗಣಿಗಳು ಜಗತ್ಪ್ರಸಿದ್ಧವಾಗಿದ್ದವು. ಗದಗದವು ಮಾತ್ರ ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು.

ಅವುಗಳನ್ನು ಮುಚ್ಚಿಸಿದವರು ಯಾರು? ಆಗ ಪರಿಸರ ಚಳವಳಿ ಇರಲಿಲ್ಲ. ಅರಣ್ಯ ಸಂರಕ್ಷಣಾ ಕಾಯ್ದೆ ಇರಲಿಲ್ಲ. ಗ್ರಾಮಸಭೆಯ ಒಪ್ಪಿಗೆಯನ್ನು ಕೇಳುವ ಕಟ್ಟುಪಾಡಿರಲಿಲ್ಲ. ಆಳುವವರೂ ಅವರೇ, ಅಗೆಯುವವರೂ ಅವರೇ, ಕೂಲಿಯೂ ಅಗ್ಗ. ಇಷ್ಟೆಲ್ಲ ಅನುಕೂಲವಿದ್ದೂ ಗಣಿ ನಡೆಯಲಿಲ್ಲ. ಸಿಕ್ಕ ಚಿನ್ನ ಖರ್ಚಿಗೆ ಸಾಲಲಿಲ್ಲ. ಗಣಿಯನ್ನು ಮುಚ್ಚಿಸಿದ್ದು ಗುಡ್ಡವೇ!

ಅಂದಿನಿಂದ ಇಂದಿಗೆ ಗುಡ್ಡದೊಳಗಿನ ಚಿನ್ನ ಹೆಚ್ಚಿಲ್ಲ. ಪೇಟೆಯಲ್ಲಿ ಅದರ ಬೆಲೆ ಹೆಚ್ಚಿದೆ, ಬಂಡೆಯನ್ನು ಒಡೆಯುವ ಯಂತ್ರಗಳ ಬಲ ಹೆಚ್ಚಿದೆ. ಅಂದು ಲಾಭವಿಲ್ಲವೆಂದು ಬಿಟ್ಟ ಕಲ್ಲು ಇಂದು ಲಾಭದ ಕಲ್ಲಾಗಿ ಕಾಣುತ್ತಿರುವುದು ಈ ಕಾರಣಕ್ಕೆ. ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ. ಒಂದು ಟನ್ ಅದಿರಿನಲ್ಲಿ 3 ಗ್ರಾಂ ಚಿನ್ನವಿದ್ದರೆ, 10 ಗ್ರಾಂ ತೂಕದ ಒಂದು ಸರಕ್ಕಾಗಿ ಮೂರು ಟನ್ನಿಗೂ ಹೆಚ್ಚು ಕಲ್ಲನ್ನು ಹಿಟ್ಟು ಮಾಡಬೇಕು. ತೆರೆದ ಗಣಿಯಾದರೆ ಅದಿರನ್ನು ತಲುಪಲು ತೆಗೆದೆಸೆಯುವ ಬರಿಗಲ್ಲಿನ ಲೆಕ್ಕ ಬೇರೆ. ಸರ ಪೇಟೆಗೆ ಹೋಗುತ್ತದೆ. ಹಿಟ್ಟು ಊರಿನಲ್ಲಿಯೇ ಉಳಿಯುತ್ತದೆ.

ಆ ಹಿಟ್ಟು ಏನೆಂಬುದನ್ನು ತಿಳಿಯಲು ಕೋಲಾರಕ್ಕೆ ಹೋಗಿ ಬಂದರೆ ಸಾಕು. 2001ರಲ್ಲಿ ಅಲ್ಲಿನ ಗಣಿ ಮುಚ್ಚಿತು. ಆದರೆ 3 ಕೋಟಿ ಟನ್ನಿಗೂ ಮೀರಿದ ತ್ಯಾಜ್ಯದ ದಿಬ್ಬಗಳು ಊರಿನ ನಡುವೆಯೇ ನಿಂತಿವೆ. ಜನ ಅವುಗಳನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿ ಬೀಸಿದಾಗ ದೂಳು ಮನೆಮನೆಗೆ ಬರುತ್ತದೆ. ರುಮೇನಿಯಾ ದೇಶದ ಬಾಯಾ ಮಾರೆಯಲ್ಲಿ 2000ದ ಜನವರಿ 30ರಂದು ಚಿನ್ನದ ತ್ಯಾಜ್ಯದ ಕಟ್ಟೆಯೊಡೆದು ಸುಮಾರು 1 ಲಕ್ಷ ಘನಮೀಟರ್ ಸೈನೈಡ್ ಮಿಶ್ರಿತ ನೀರು ನದಿಗಳಿಗೆ ಹರಿಯಿತು. ಹಂಗೇರಿಯ ಟಿಸಾ ನದಿಯ ಮೀನುಗಳು ರಾಶಿರಾಶಿಯಾಗಿ ಸತ್ತವು. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಕರಗಿ ಹೋದೀತು. ಆರ್ಸೆನಿಕ್ ಹಾಗೆ ಹೋಗುವುದಿಲ್ಲ. ಬಂಡೆಯೊಳಗೆ ಭದ್ರವಾಗಿದ್ದ ಆರ್ಸೆನೋಪೈರೈಟನ್ನು ಪುಡಿಮಾಡಿ ಗಾಳಿಗೂ ಮಳೆಗೂ ಒಡ್ಡಿದರೆ ಆಮ್ಲ ಹುಟ್ಟುತ್ತದೆ, ಆರ್ಸೆನಿಕ್ ನೀರಿಗಿಳಿಯುತ್ತದೆ. ಮಳೆ ಕಡಿಮೆಯಾದ ಸೀಮೆಯಲ್ಲಿ ಡಂಬಳದಂತಹ ಕೆರೆಗಳೂ ಬಾವಿಗಳೂ ಈ ಗುಡ್ಡದ ನೀರನ್ನೇ ನಂಬಿವೆ.

ಉದ್ಯೋಗ ಸಿಗುತ್ತದೆ, ಚಿನ್ನದ ಆಮದು ತಗ್ಗುತ್ತದೆ ಎಂಬುದು ಇನ್ನೊಂದು ಮಾತು. ನಮ್ಮ ದೇಶ ವರ್ಷಕ್ಕೆ 700 ಟನ್ನಿನ ಆಸುಪಾಸು ಚಿನ್ನವನ್ನು ಹೊರಗಿನಿಂದ ತರಿಸುತ್ತದೆ. ನಮ್ಮ ಪ್ರಮುಖ ಗಣಿಯಾದ ರಾಯಚೂರಿನ ಹಟ್ಟಿಯಲ್ಲಿ ವರ್ಷಕ್ಕೆ 2 ಟನ್ ಕೂಡ ಸಿಗುವುದಿಲ್ಲ. ಹೀಗಿರುವಾಗ ಕಪ್ಪತಗುಡ್ಡವನ್ನು ಬಗೆದರೆ ಯಾವ ಆಮದು ತಗ್ಗೀತು? ಇನ್ನು ಉದ್ಯೋಗದ ಮಾತು. ಗಣಿಯ ಆಯುಷ್ಯ ಅದಿರು ಇರುವವರೆಗೆ ಮಾತ್ರ. ಕುರಿಗಾರನ ಹುಲ್ಲುಗಾವಲು, ನಾಟಿವೈದ್ಯನ ಗಿಡಮೂಲಿಕೆ, ರೈತನ ಹೊಲದ ತೇವ, ತೋಳ, ಕತ್ತೆಕಿರುಬ, ಕೊಂಡುಕುರಿಗಳ ನೆಲೆ, ಇವು ಗಣಿ ಮುಚ್ಚಿದ ಮರುದಿನ ಮರಳಿ ಬರುವುದಿಲ್ಲ.

ಕಪ್ಪತಗುಡ್ಡದ ಜನ ಇದನ್ನು ಅರಿತವರು. 2015ರ ಡಿಸೆಂಬರಿನಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರವೇ 2016ರ ನವೆಂಬರಿನಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರ ಏಪ್ರಿಲಿನಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಈ ಕಾಲಾನುಕ್ರಮದಲ್ಲಿಯೇ ಪಾಠವಿದೆ. ಒಂದು ಸಹಿಯಿಂದ ಬಂದ ರಕ್ಷಣೆ ಇನ್ನೊಂದು ಸಹಿಯಿಂದ ಹೋಗಬಲ್ಲದು. ಚಿನ್ನದ ಪಟ್ಟಿಯಾದರೋ ಅಭಯಾರಣ್ಯದ ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ.

ಆದುದರಿಂದ ಗುಡ್ಡದ ಸೆರಗಿನ ಪ್ರತಿಯೊಂದು ಪಂಚಾಯಿತಿಯೂ 2002ರ ಜೀವವೈವಿಧ್ಯ ಕಾಯ್ದೆಯಂತೆ ತನ್ನ ಜೀವವೈವಿಧ್ಯ ದಾಖಲಾತಿಯನ್ನು ಪೂರ್ಣಗೊಳಿಸಲಿ. ವಿದ್ಯಾರ್ಥಿಗಳು ಹಳೆಯ ಗುಂಡಿಗಳನ್ನು ದೂರದಿಂದಲೇ ಗುರುತಿಸಿ ನಕ್ಷೆ ಮಾಡಲಿ, ಸುತ್ತಲಿನ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿ ಬರೆದಿಡಲಿ. ನಾಳೆ ಅಹವಾಲು ಸಭೆಯಲ್ಲಿ ಕಂಪನಿಯ ವರದಿಯ ಎದುರಿಗೆ ಇಡಲು ನಮ್ಮದೂ ಒಂದು ದಾಖಲೆ ಬೇಕು. ಗುಡ್ಡ ನೂರು ವರ್ಷಗಳ ಹಿಂದೆಯೇ ಗಣಿಗೆ ಉತ್ತರ ಕೊಟ್ಟಿದೆ. ಆ ಉತ್ತರವನ್ನು ಮತ್ತೆ ಮತ್ತೆ ಓದಿ ಹೇಳುವ ಕೆಲಸ ನಮ್ಮದು.