ಛೆಟ್ರಿಯ ಜೊತೆಗೆ ಇನ್ನೊಬ್ಬರು ಬೇಕು

ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತೇ ಹಾಡುವ ಅಭಿಮಾನಿಗೆ ಸುನಿಲ್ ಛೆಟ್ರಿ ಎಂದರೆ ಪ್ರಾಣ, ಚಿಂತೆಯೂ ಅವರದ್ದೇ: ಗೋಲಿಗೆ ತಂಡ ಅವರೊಬ್ಬರನ್ನೇ ನೆಚ್ಚಿಕೊಂಡರೆ ಹೇಗೆ? 2024–25ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ, 40 ತುಂಬಿದ ಮೇಲೂ, ಅವರು 14 ಗೋಲು ಹೊಡೆದರು. ತಂಡ ಫೈನಲ್‌ಗೇರಿ, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತಿತು. ಕುಸಿದಿದ್ದ ತಂಡವನ್ನು ಅಲ್ಲಿವರೆಗೆ ಎತ್ತಿ ತಂದ ಆಗಿನ ಕೋಚ್ ಜೆರಾರ್ಡ್ ಝರಗೋಝಾ ಬಗ್ಗೆ ಅಭಿಮಾನಿಗೆ ಗೌರವವಿದೆ, ತಂಡದ ಮುಂದೆ ಬೇಡಿಕೆಯೂ ಇದೆ. ಆ ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಏಕೈಕ ಗೋಲು 19ರ ಹರೆಯದ ವಿನಿತ್ ವೆಂಕಟೇಶ್ ಅವರದು. ಇಂಥ ಹುಡುಗರನ್ನು ಕೊನೆಯ ಹತ್ತು ನಿಮಿಷಕ್ಕಲ್ಲ, ಮೊದಲ ಹನ್ನೊಂದರಲ್ಲೇ ಇಳಿಸಿ ಎಂಬುದು ಅಭಿಮಾನಿಯ ಪಟ್ಟು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಐಎಸ್‌ಎಲ್ ಟ್ರೋಫಿ ಗೆಲ್ಲಿಸಿದ ಗೋಲನ್ನೂ ಹೊಡೆದದ್ದು ಛೆಟ್ರಿಯಲ್ಲ, ಡಿಫೆಂಡರ್ ರಾಹುಲ್ ಭೇಕೆ.