ಬ್ರೇಕು ನಡುಗಿದರೆ ಅಳತೆ ಮೊದಲು, ಖರ್ಚು ಆಮೇಲೆ



ಗೊಬ್ಬರ, ಔಷಧಿ, ಧಾರಣೆಗಳ ವಿಚಾರ ಬರೆಯುವುದು ಈ ಅಂಕಣದ ವಾಡಿಕೆ. ಈ ಸಲ ನಮ್ಮ ಗಾಡಿಗಳ ಬ್ರೇಕಿನ ವಿಚಾರ ಬರೆಯುತ್ತಿದ್ದೇವೆ. "ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಸ್ಟಿಯರಿಂಗು ನಡುಗುತ್ತದೆ ಮಾರಾಯ್ರೆ, ಘಾಟಿ ಹತ್ತಿಳಿಯುವ ಗಾಡಿ ಅಂದಮೇಲೆ ಅದೆಲ್ಲ ಇದ್ದದ್ದೇ" ಎಂಬ ಮಾತನ್ನು ಸಂಘದ ಅಂಗಳದಲ್ಲಿ ಪದೇ ಪದೇ ಕೇಳಿದ್ದೇವೆ. ಈ "ಇದ್ದದ್ದೇ" ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ನಾವೂ ಹಾಗೆ ಸುಮ್ಮನಿದ್ದವರೇ. ನಮ್ಮ ಕಾರು ನಡುಗತೊಡಗಿದಾಗ ಪೇಟೆಯ ವರ್ಕ್‌ಷಾಪೊಂದರಲ್ಲಿ ಪ್ಯಾಡು ಬದಲಿಸಿದರು, ನಡುಕ ಹೋಗಲಿಲ್ಲ. ಮುಂದಿನ ಎರಡೂ ಡಿಸ್ಕುಗಳನ್ನು ಬದಲಿಸಿದರು, ನಿಂತಿತು. ಮಳೆಗಾಲ ಕಳೆದು ಕೊಯ್ಲು ಶುರುವಾಗುವ ಹೊತ್ತಿಗೆ ಪುನಃ ಅದೇ ನಡುಕ. ಕೊನೆಗೆ ಹಿರಿಯ ಮೆಕ್ಯಾನಿಕ್ಕೊಬ್ಬರು ಡಿಸ್ಕು ಬಿಚ್ಚಿ, ಅದು ಕೂರುವ ಹಬ್ಬಿನ ಮುಖದ ಮೇಲೆ ಕಟ್ಟಿದ್ದ ತುಕ್ಕನ್ನು ಕೆರೆದು ತೋರಿಸಿದರು. ಹೊಸ ಡಿಸ್ಕನ್ನು ಆ ತುಕ್ಕಿನ ಮೇಲೆಯೇ ಕೂರಿಸಿದ್ದರು.

ಇದರ ಮರ್ಮ ಸರಳ. ತುಕ್ಕಿನ ಮೇಲೆ ಕೂತ ಡಿಸ್ಕು ನೆಟ್ಟಗೆ ತಿರುಗದೆ ಓಲಾಡುತ್ತದೆ. ಬ್ರೇಕು ಹಿಡಿಯದಿದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ಉಜ್ಜಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಡಿಸ್ಕಿನ ದಪ್ಪ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆಯಾಗುತ್ತದೆ. 0.02 ಮಿ.ಮೀ. ಆಸುಪಾಸಿನ ವ್ಯತ್ಯಾಸವೇ ನಡುಕಕ್ಕೆ ಸಾಕು. ವೀಲ್ ನಟ್ಟುಗಳನ್ನು ಒಂದು ಬಿಗಿ, ಒಂದು ಸಡಿಲ ಮಾಡಿದರೂ ಫಲ ಇದೇ. ಎಲ್ಲರೂ "ಡಿಸ್ಕು ಬೆಂಡಾಗಿದೆ" ಎನ್ನುತ್ತಾರೆ. ಬಹಳ ಸಲ ಅದು ಬಾಗಿರುವುದಿಲ್ಲ, ಸಮನಾಗಿ ಸವೆದಿರುವುದಿಲ್ಲ, ಅಷ್ಟೇ.

ಅಡಿಕೆ ಉದುರಿದ ಕೂಡಲೇ ನಾವು ಬೋರ್ಡೋ ದ್ರಾವಣ ಹೊಡೆಯುವುದಿಲ್ಲ. ಕೊಳೆಯೋ ತಿಗಣೆಯೋ ಎಂದು ಕಾಯಿ ಹೆಕ್ಕಿ ನೋಡುತ್ತೇವೆ. ಗಾಡಿಗೂ ಆ ಪದ್ಧತಿ ಬೇಕು. ಬ್ರೇಕು ಹಿಡಿಯದೆಯೂ ಒಂದು ವೇಗದಲ್ಲಿ ನಡುಗಿದರೆ ಟೈರು, ಬ್ಯಾಲೆನ್ಸಿಂಗು ನೋಡಿಸಿರಿ. ಬ್ರೇಕು ಹಿಡಿದಾಗ ಮಾತ್ರ ಸ್ಟಿಯರಿಂಗು ನಡುಗಿದರೆ ದೋಷ ಹೆಚ್ಚಾಗಿ ಮುಂದಿನ ಚಕ್ರಗಳದ್ದು. ಸೀಟು ನಡುಗಿದರೆ ಹಿಂದಿನವುಗಳ ಮೇಲೆ ಸಂಶಯಪಡಬೇಕು. ಖಾಲಿ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ, ಗುಂಡಿ ಒತ್ತಿಹಿಡಿದು ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದಾಗಲೂ ನಡುಕ ಬಂದರೆ ಹಿಂದಿನ ಡ್ರಮ್ಮು ವೃತ್ತ ತಪ್ಪಿರಬಹುದು. ಓಡಿಬಂದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಿದ್ದರೆ ಅಲ್ಲಿ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಬಾಲ್ ಜಾಯಿಂಟು, ಬುಷ್ಷು, ಬೇರಿಂಗು ಸವೆದಿದ್ದರೆ ಸಣ್ಣ ನಡುಕವೂ ದೊಡ್ಡದಾಗುತ್ತದೆ.

ಒಂದು ಮಾತು ನೆನಪಿರಲಿ. ಎಬಿಎಸ್ ಇರುವ ಗಾಡಿಯಲ್ಲಿ ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದರೆ ಪೆಡಲು ಕಾಲಿಗೆ ಬಡಿಯುತ್ತದೆ. ಅದು ದೋಷವಲ್ಲ. ಹೆದರಿ ಕಾಲು ತೆಗೆಯಬಾರದು.

ನಮ್ಮ ಅಭ್ಯಾಸಗಳದ್ದೂ ತಪ್ಪಿದೆ. ಚಾರ್ಮಾಡಿ ಘಾಟಿಯನ್ನು ಮೇಲಿನ ಗೇರಿನಲ್ಲಿ ಬ್ರೇಕಿನ ಮೇಲೆಯೇ ಇಳಿಸುತ್ತೇವೆ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಹಿರಿಯ ಡ್ರೈವರುಗಳ ಪಾಠ ಮರೆತಿದ್ದೇವೆ. ಇಳಿದ ಕೂಡಲೇ ಕಾದ ಚಕ್ರಕ್ಕೆ ಹಳ್ಳದ ನೀರು ಎರಚುತ್ತೇವೆ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿ, ಡಿಸ್ಕಿನ ಮೇಲೆ ಪ್ಯಾಡಿನ ಆಕಾರಕ್ಕೇ ತುಕ್ಕು ಹಿಡಿಸುತ್ತೇವೆ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ; ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ ಘಾಟಿಯ ಕಾವಿಗೆ ಅದು ಕುದಿದು ಪೆಡಲು ತಳ ಮುಟ್ಟೀತು.

ಈಗ ನಮ್ಮ ಸಲಹೆ. ಡಿಸ್ಕಿನ ಓಲಾಟ ಅಳೆಯುವ ಡಯಲ್ ಗೇಜು, ದಪ್ಪ ಅಳೆಯುವ ಮೈಕ್ರೋಮೀಟರು, ನಟ್ಟುಗಳನ್ನು ಸಮನಾಗಿ ಬಿಗಿಯುವ ಟಾರ್ಕ್ ರೆಂಚು, ಈ ಮೂರನ್ನು ಸಂಘ ಖರೀದಿಸಿ ಸದಸ್ಯರಿಗೂ ಅವರ ಮೆಕ್ಯಾನಿಕ್ಕುಗಳಿಗೂ ಎರವಲು ಕೊಡಬೇಕು. ಸ್ಪ್ರೇಯರು ಬಾಡಿಗೆ ಕೊಡುವ ಸಂಘಕ್ಕೆ ಇದು ಹೊರೆಯಲ್ಲ. "ಸಂಘಕ್ಕೂ ಗ್ಯಾರೇಜಿಗೂ ಏನು ಸಂಬಂಧ?" ಎಂದು ಆಡಳಿತ ಮಂಡಳಿಯ ಮಿತ್ರರೊಬ್ಬರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತೇವಾಂಶ ಮೀಟರಿಲ್ಲದೆ ಕಾಫಿ ಮೂಟೆ ಕಟ್ಟದ ನಾವು, ಕೆಲಸದವರನ್ನು ಕೂರಿಸಿಕೊಂಡು ಘಾಟಿ ಇಳಿಯುವ ಜೀಪಿನ ಬ್ರೇಕನ್ನು ಕಣ್ಣಳತೆಗೆ ಬಿಡುವುದು ಯಾವ ನ್ಯಾಯ? ಕಾಫಿ ಕೆಟ್ಟರೆ ಒಂದು ವರ್ಷದ ಫಸಲು ಹೋದೀತು. ಸಡಿಲ ನಟ್ಟು, ಹಿಡಿದುಕೊಂಡ ಕ್ಯಾಲಿಪರ್ ಇವುಗಳ ಮೊದಲ ಎಚ್ಚರಿಕೆಯೇ ಈ ನಡುಕ ಆಗಿರಬಹುದು. ಅದನ್ನು ಕಡೆಗಣಿಸಿದರೆ ಹೋಗುವುದು ನಮ್ಮನ್ನು ನಂಬಿ ಹತ್ತಿ ಕೂತವರ ಜೀವ.

ಅಲ್ಲಿಯವರೆಗೆ ಸದಸ್ಯರು ಇಷ್ಟನ್ನಾದರೂ ಮಾಡಬೇಕೆಂದು ಅರಿಕೆ: ಡಿಸ್ಕು ಬದಲಿಸುವಾಗ ಪಕ್ಕದಲ್ಲಿ ನಿಂತು ಹಬ್ಬಿನ ತುಕ್ಕು ಉಜ್ಜಿಸಿರಿ, ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಸಿರಿ, ಲೇತಿಗೆ ಕೊಟ್ಟ ಡಿಸ್ಕು, ಅದರ ಮೇಲೆ ನಮೂದಿಸಿದ ಕನಿಷ್ಠ ದಪ್ಪಕ್ಕಿಂತ ತೆಳುವಾದರೆ ಗುಜರಿಗೆ ಹಾಕಿರಿ.

ಸಲಹೆಯನ್ನು ಮುಂದಿನ ಮಹಾಸಭೆಯ ಮುಂದಿಡಲಿದ್ದೇವೆ. ಒಪ್ಪುವವರೂ ವಿರೋಧಿಸುವವರೂ ತಪ್ಪದೆ ಬರಬೇಕು.

ಇಂತಿ,
ಕಾರ್ಯದರ್ಶಿ